ಒಂಟಿ ಸೀನಿನ ಗಾಡಿ

ನಾನು ಒಂದು ಕಾರು. ಬರೀ ಕಾರು ಎಂದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಸಂತೆಯಿಂದ ತರಕಾರಿ ತರುವುದಕ್ಕೆ, ಮದುವೆಗೆ ಒಂಬತ್ತು ಜನರನ್ನು ತುರುಕಿಕೊಂಡು ಹೋಗುವುದಕ್ಕೆ ಹುಟ್ಟಿದ ಜಾತಿ ನನ್ನದಲ್ಲ. ನನ್ನನ್ನು ಮಾಡಿದ್ದು ಓಡುವುದಕ್ಕೆ. ಹೊರಗಿನಿಂದ ನೋಡಿದರೆ ನಾನೂ ನನ್ನ ಅಣ್ಣತಮ್ಮಂದಿರಂತೆಯೇ ನಾಲ್ಕು ಬಾಗಿಲಿನ ಪ್ರಾಣಿ. ಬಾನೆಟ್ ಎತ್ತಿದರೆ ಮಾತ್ರ ಬೇರೆ ಕಥೆ. ಅಲ್ಲಿ ಕೂತಿದ್ದ ಎಂಜಿನ್ನು ಮೂರು ಸಾಧಾರಣ ಕಾರುಗಳಿಗೆ ಹಂಚಿದರೂ ಮಿಗುವಂಥದ್ದು.

ನಾನು ಹುಟ್ಟಿದ ಕಾರ್ಖಾನೆಯಲ್ಲಿ ಮನುಷ್ಯರಿಗಿಂತ ಯಂತ್ರಗಳ ಕೈಗಳೇ ಹೆಚ್ಚು. ಅವು ಕಿಡಿ ಹಾರಿಸುತ್ತ ನನ್ನ ಎಲುಬುಗಳನ್ನು ಬೆಸೆದವು. ಆಮೇಲೆ ಬಣ್ಣದ ಕೋಣೆಗೆ ತಳ್ಳಿ ಕೆಂಪು ಬಣ್ಣ ಹೊಡೆದರು. ಕೊನೆಗೆ ಒಬ್ಬ ಮನುಷ್ಯ ಬಂದ. ಹೊಸ ಗಾಡಿಗಳನ್ನು ಓಡಿಸಿ ನೋಡುವುದೇ ಅವನ ಕೆಲಸ. ಅವನು ನನ್ನನ್ನು ಉದ್ದನೆಯ ಖಾಲಿ ಹಾದಿಗೆ ಒಯ್ದು ಪೆಡಲನ್ನು ಪೂರ್ತಿ ಅದುಮಿದ. ನಾನು ಯಾರು ಎಂಬುದು ನನಗೆ ಗೊತ್ತಾದದ್ದು ಆಗಲೇ. ಆ ವೇಗದಲ್ಲಿ ಅವನು ಎರಡೂ ಕೈಗಳನ್ನು ಸ್ಟೇರಿಂಗಿನಿಂದ ತೆಗೆದುಬಿಟ್ಟ! ನಾನು ನೂಲು ಹಿಡಿದಷ್ಟು ನೇರ ಹೋದೆ. ಅವನು ನಕ್ಕು, ನನ್ನ ಡ್ಯಾಶ್‌ಬೋರ್ಡನ್ನು ಒಮ್ಮೆ ತಟ್ಟಿ ಇಳಿದುಹೋದ. ಕೈ ಬಿಟ್ಟರೂ ನೇರ ಹೋಗುವುದು, ಅದೇ ನನ್ನ ಮರ್ಯಾದೆ ಎಂದು ನಾನು ಅಂದಿನಿಂದ ತಿಳಿದುಕೊಂಡೆ.

ಹುಬ್ಬಳ್ಳಿಯ ಶೋರೂಮಿನಲ್ಲಿ ನನ್ನನ್ನು ಗಾಜಿನ ಎದುರಿಗೆ ನಿಲ್ಲಿಸಿದ್ದರು. ಬಂದವರೆಲ್ಲ ನನ್ನ ವೇಗ ಕೇಳುತ್ತಿದ್ದರು, ಬೆಲೆ ಕೇಳುತ್ತಿದ್ದರು, ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಒಂದು ದಿನ ಬಿಳಿ ಧೋತರ ಉಟ್ಟ ಚನ್ನಬಸಪ್ಪ ಶೆಟ್ಟರು ಬಂದರು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಅವರು ವೇಗ ಕೇಳಲಿಲ್ಲ. ಅಂಗಿಯ ಜೇಬಿನಿಂದ ಒಂದು ಒಣ ಮೆಣಸಿನಕಾಯಿ ತೆಗೆದು ನನ್ನ ಕೆನ್ನೆಗೆ ಹಿಡಿದು ನೋಡಿದರು.

“ಥೇಟ್ ನಮ್ಮ ಡಬ್ಬಿ ಕಾಯಿ ಬಣ್ಣ ಐತಿ ನೋಡ್ರಿ. ಇದನ್ನ ಕೊಡ್ರಿ,” ಎಂದರು.

ಹೀಗೆ, ಗಾಳಿಗಿಂತ ಜೋರಾಗಿ ಓಡಬಲ್ಲ ನಾನು ಬಣ್ಣದ ಕಾರಣಕ್ಕೆ ಬ್ಯಾಡಗಿಗೆ ಹೋದೆ. ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು ಪೂಜೆ ಮಾಡಿದರು. ಅಷ್ಟೆಲ್ಲ ಮಾಡಿದ ಮೇಲೆ ಶೆಟ್ಟರು ನನ್ನನ್ನು ಎತ್ತಿನ ಬಂಡಿಯ ಹಾಗೆ ಓಡಿಸಿದರು. ಸೈಕಲ್ಲಿನವರು ನನ್ನನ್ನು ದಾಟಿ ಹೋಗುವಾಗ ಹಿಂತಿರುಗಿ ಅಯ್ಯೋ ಪಾಪ ಎಂಬಂತೆ ನೋಡುತ್ತಿದ್ದರು. ಹಿಂದಿನ ಸೀಟಿನ ಮೇಲೆ ಯಾವಾಗಲೂ ಸ್ಯಾಂಪಲ್ ಚೀಲಗಳು, ಡಿಕ್ಕಿಯಲ್ಲಿ ಇನ್ನಷ್ಟು. ಕೆಂಪು ಧೂಳು ನನ್ನ ಸೀಟಿಗೆ ಇಳಿಯಿತು, ನೆಲಹಾಸಿಗೆ ಇಳಿಯಿತು, ಗಾಳಿ ಬೀಸುವ ಕೊಳವೆಗಳ ಆಳಕ್ಕೂ ಇಳಿಯಿತು. ಹೊರಗಿನಿಂದ ಬಂದ ವ್ಯಾಪಾರಿಗಳು ನನ್ನೊಳಗೆ ಕೂತ ಕೂಡಲೇ ಸೀನಲು ಶುರು ಮಾಡುತ್ತಿದ್ದರು. ಶೆಟ್ಟರಿಗೆ ಮಾತ್ರ ಏನೂ ಆಗುತ್ತಿರಲಿಲ್ಲ.

“ಈ ಘಾಟಿಗೆ ನಮ್ಮೂರಾಗ ಯಾರೂ ಸೀನಂಗಿಲ್ಲ. ಸೀನಿದ್ರ ಅವ್ರು ಪರಊರವ್ರು ಅಂತ ತಿಳೀರಿ,” ಎಂದು ಅವರು ನಗುತ್ತಿದ್ದರು.

ಆಗ ನನಗೆ ಅವರ ಮೇಲೆ ಸಿಟ್ಟಿತ್ತು. ಈಗ ಯೋಚಿಸಿದರೆ, ನನ್ನನ್ನು ಅಷ್ಟು ಜೋಪಾನವಾಗಿ ಇಟ್ಟುಕೊಂಡವರು ಇನ್ನೊಬ್ಬರಿಲ್ಲ.

ನನ್ನ ಆಸೆ ಅರ್ಥವಾದದ್ದು ಶೆಟ್ಟರ ತಮ್ಮನ ಮಗ ಪ್ರಸನ್ನನಿಗೆ. ದೊಡ್ಡಪ್ಪ ಮಾರ್ಕೆಟ್ಟಿಗೆ ಹೋದಾಗ ಅವನು ಕೀಲಿ ಎತ್ತಿಕೊಂಡು ಬರುತ್ತಿದ್ದ. ಹೆದ್ದಾರಿ ಮುಟ್ಟಿದ ಮೇಲೆ ನಾವಿಬ್ಬರೂ ಬೇರೆಯೇ ಆಗಿಬಿಡುತ್ತಿದ್ದೆವು. ಕಿಟಕಿಯಿಂದ ಕೆಂಪು ಧೂಳು ಹಾರಿಹೋಗುತ್ತಿತ್ತು, ಅವನು ಕೂಗಿ ಹಾಡುತ್ತಿದ್ದ. ನನ್ನ ಬಾಳಿನಲ್ಲಿ ಅಷ್ಟು ಸುಖ ಮತ್ತೆ ಸಿಗಲಿಲ್ಲ ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಒಂದು ಸಂಜೆ ಹಳ್ಳದ ಸೇತುವೆಯ ಹತ್ತಿರದ ತಿರುವಿನಲ್ಲಿ ಟ್ರ್ಯಾಕ್ಟರೊಂದು ಅಡ್ಡ ಬಂತು. ಪ್ರಸನ್ನ ಎಡಕ್ಕೆ ಎಳೆದ. ಸೇತುವೆಯ ಗೋಡೆ ನನ್ನ ಎಡಮುಂಭಾಗವನ್ನು ಒಳಕ್ಕೆ ನುಗ್ಗಿಸಿತು. ಎಲುಬು ಮುರಿಯುವ ಸದ್ದು ಎರಡು ಸಲ ಕೇಳಿತು. ಒಂದು ನನ್ನದು, ಒಂದು ಅವನ ಕಾಲಿನದು. ಜೀವ ಉಳಿಯಿತು, ಕಾಲು ಮಾತ್ರ ಮೊದಲಿನಂತೆ ಆಗಲೇ ಇಲ್ಲ. ಅವನು ಇಂದಿಗೂ ಎಡಗಾಲು ಎಳೆದುಕೊಂಡೇ ನಡೆಯುತ್ತಾನಂತೆ.

ಶೆಟ್ಟರು ಬಂದು ನನ್ನ ನೆತ್ತಿಯ ಮೇಲೆ ಕೈಯಿಟ್ಟರು. ಬೈಯಲಿಲ್ಲ. ಒಳಗಿದ್ದ ಸ್ಯಾಂಪಲ್ ಚೀಲಗಳನ್ನು ತಾವೇ ಇಳಿಸಿಕೊಂಡರು.

“ಗುಜರಿಗೆ ಹಾಕ್ರಿ. ಇದು ಮತ್ತ ರಸ್ತೆ ಮ್ಯಾಲ ಕಾಣಬಾರ್ದು,” ಎಂದು ಒಯ್ಯಲು ಬಂದವನಿಗೆ ಹೇಳಿದರು.

ಅವನು ಹೂಂ ಎಂದ. ಹಾದಿಯಲ್ಲಿ ಮನಸ್ಸು ಬದಲಾಯಿಸಿದ. ನಾನು ಗುಜರಿಗೆ ಹೋಗಲಿಲ್ಲ. ಹುಬ್ಬಳ್ಳಿಯ ಹೊರವಲಯದಲ್ಲಿ ಹಳೆಯ ಕಾರು ಮಾರುವ ಗದಿಗೆಪ್ಪನ ಅಂಗಡಿಗೆ ಹೋದೆ.

ಗದಿಗೆಪ್ಪನ ಬಗ್ಗೆ ಏನು ಹೇಳಲಿ? ಮಾತು ಜೇನು, ಹಲ್ಲು ಬೆಳ್ಳಗೆ, ಮಾತಿಗೊಮ್ಮೆ ‘ನಮ್ಮವ್ವನ ಆಣಿ’. ಅವನ ತಾಯಿಯ ಆಯುಷ್ಯ ಗಟ್ಟಿಯಿರಬೇಕು, ಇಲ್ಲದಿದ್ದರೆ ಅಷ್ಟು ಸುಳ್ಳು ಆಣೆಗೆ ಆಕೆ ಎಂದೋ ಹೋಗಿಬಿಡಬೇಕಿತ್ತು. ಅವನ ಜನ ಇನ್ಯಾವುದೋ ಸತ್ತ ಕಾರಿನ ಎಡಮುಂಭಾಗವನ್ನು ಕತ್ತರಿಸಿ ತಂದು ನನಗೆ ಬೆಸೆದರು. ಅಂಗಿಗೆ ತೇಪೆ ಹಾಕಿದರೆ ಅಂಗಿ ಹರಿಯಬಹುದು, ಅಷ್ಟೇ. ಎಲುಬಿಗೆ ತೇಪೆ ಹಾಕಿದರೆ ಏನಾಗುತ್ತದೆ ಎಂದು ಅವರ್ಯಾರೂ ಕೇಳಿಕೊಳ್ಳಲಿಲ್ಲ. ಮೇಲೆ ಪುಟ್ಟಿ ಮೆತ್ತಿದರು, ಅದರ ಮೇಲೆ ಕೆಂಪು ಹೊಡೆದರು. ಸೀಟುಗಳನ್ನು ನೊರೆ ಹಾಕಿ ತೊಳೆದರು. ಮೆಣಸಿನ ಘಾಟು ಹೋಗಲಿ ಎಂದು ಗಾಳಿ ಬರುವ ಕಿಂಡಿಗೆ ಮಲ್ಲಿಗೆ ಸೆಂಟಿನ ಡಬ್ಬಿಯೊಂದನ್ನು ಸಿಕ್ಕಿಸಿದರು.

ಹೊರಗೆ ಹೊಳೆಯುತ್ತಿದ್ದೆ. ಒಳಗಿನ ಸತ್ಯ ನನಗೂ ಅವರಿಗೂ ಮಾತ್ರ ಗೊತ್ತು. ರಾತ್ರಿಯೆಲ್ಲ ತಣ್ಣಗೆ ನಿಂತ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಚಳಿಜ್ವರ ಬಂದಂತೆ ನಡುಗುತ್ತಿದ್ದೆ, ಎಡಗಡೆಯಿಂದ ಟಕಟಕ ಸದ್ದು ಬರುತ್ತಿತ್ತು. ಬಿಸಿಯಾದ ಮೇಲೆ ಅದು ಅಡಗುತ್ತಿತ್ತು. ವೇಗ ಏರಿದರೆ ಎಡಕ್ಕೆ ಎಳೆಯುತ್ತಿದ್ದೆ. ಇನ್ನೂ ಏರಿಸಿ ತಿರುವಿನಲ್ಲಿ ಹಾಕಿದರೆ ಆ ಬೆಸುಗೆ ಬಿಡುತ್ತದೆ ಎಂಬುದು ನನಗೆ ನನ್ನ ಹೆಸರಿನಷ್ಟೇ ಖಚಿತ. ಕೊಳ್ಳುವವರು ಯಾರೇ ಆಗಲಿ, ನನ್ನನ್ನು ಕೊಳ್ಳುವುದೇ ವೇಗದ ಆಸೆಗೆ. ಅಂದರೆ ನನ್ನನ್ನು ಮೆಚ್ಚಿದವರನ್ನೇ ನಾನು ಕೊಲ್ಲಬೇಕು. ಈ ಭಯ ಹೊತ್ತುಕೊಂಡು ನಾನು ಗದಿಗೆಪ್ಪನ ಶೆಡ್ಡಿನಲ್ಲಿ ನಿಂತೆ.

ನನಗೆ ಬಾಯಿಲ್ಲ. ನನ್ನಂಥವಕ್ಕೆ ಮಾತಾಡಲು ಸಿಗುವ ಅವಕಾಶ ಒಂದೇ, ಕೊಳ್ಳುವವರು ಬಂದು ಮುಟ್ಟಿ ತಟ್ಟಿ ನೋಡುವ ಹೊತ್ತು. ಆದರೆ ಬಂದವರ ಪರೀಕ್ಷೆಯೋ ದೇವರಿಗೇ ಪ್ರೀತಿ! ಕೆಲವರು ಟೈರಿಗೆ ಒಂದು ಒದೆ ಕೊಟ್ಟು, ಏನೋ ತಿಳಿದವರಂತೆ ತಲೆಯಾಡಿಸುತ್ತಿದ್ದರು. ಒಬ್ಬರು ಬಾಗಿಲನ್ನು ಧಡಾರ್ ಎಂದು ಹಾಕಿ ‘ಗಟ್ಟಿ ಐತಿ’ ಎಂದರು. ಇನ್ನೊಬ್ಬರು ಬಾನೆಟ್ ಎತ್ತಿಸಿ, ಒಳಗೆ ಇಣುಕಿ, ಅಲ್ಲಿ ತಮಗೇನೂ ತಿಳಿಯದೆಂದು ತಿಳಿದು, ಮೆಲ್ಲಗೆ ಮುಚ್ಚಿ, ಟೇಪ್ ಹಾಕಲು ಹೇಳಿದರು. ಹಾಡು ಚೆನ್ನಾಗಿ ಕೇಳಿಸಿತು. ಅವರು ಸಂತೋಷಪಟ್ಟರು.

ಎಲ್ಲರಿಗೂ ಗದಿಗೆಪ್ಪ ಹೇಳುತ್ತಿದ್ದುದು ಒಂದೇ ಕಥೆ. “ಬೆಳಗಾವಿ ಡಾಕ್ಟರ್ ಬಾಯಾರ ಗಾಡಿರಿ. ಒಬ್ರ ಓಡಿಸ್ಯಾರ. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ. ಒಂದ್ ಗೀರು ಬಿದ್ದಿಲ್ಲ, ನಮ್ಮವ್ವನ ಆಣಿ.” ಕೇಳಿ ಕೇಳಿ ನನಗೇ ಆ ಡಾಕ್ಟರಮ್ಮನ ಮುಖ ನೆನಪಾಗತೊಡಗಿತ್ತು.

ಆಮೇಲೆ ವೈಜಯಂತಿ ಹೂಗಾರ ಎಂಬಾಕೆಯ ಫೋನು ಬಂತು. ಗದಿಗೆಪ್ಪ ಸ್ಪೀಕರ್ ಹಾಕಿಯೇ ಮಾತಾಡುವವನು, ಹಾಗಾಗಿ ಎಲ್ಲವೂ ನನಗೆ ಕೇಳಿಸಿತು.

“ಶನಿವಾರ ಮುಂಜಾನೆ ಬರ್ತೀನ್ರಿ. ನಾ ಬರೂತನಕಾ ಗಾಡಿ ಸ್ಟಾರ್ಟ್ ಮಾಡಬ್ಯಾಡ್ರಿ. ತಣ್ಣಗಿದ್ದಾಗ ನೋಡ್ಬೇಕು ನಾನು,” ಎಂದಳು.

ಗದಿಗೆಪ್ಪನ ಹಲ್ಲು ಒಂದು ಕ್ಷಣ ಮರೆಯಾಯಿತು. ಕಡೆಗೂ ಒಬ್ಬಳು ನನ್ನ ಮಾತು ಕೇಳಲು ಬರುತ್ತಿದ್ದಾಳೆ ಎಂದುಕೊಂಡೆ.

ಶನಿವಾರ ಅವಳು ತಾಯಿ ಪಾರವ್ವನನ್ನು ಕರೆದುಕೊಂಡು ಬಂದಳು. ವೈಜಯಂತಿಯದು ಧಾರವಾಡದಲ್ಲಿ ಕಾರು ಕಲಿಸುವ ಶಾಲೆ. ವಿದ್ಯಾರ್ಥಿಯ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿ ಇರುವ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ದಿನವಿಡೀ ಬೇರೆಯವರನ್ನು ನಿಧಾನವಾಗಿ ಓಡಿಸುವುದು ಅವಳ ಜೀವನ.

“ವಯಸ್ಸೆಲ್ಲಾ ಮಂದಿ ಕಾಲು ನೋಡೂದ್ರಾಗ ಹೋತ್ರಿ,” ಎಂದು ಗದಿಗೆಪ್ಪನಿಗೆ ನಗುತ್ತಲೇ ಹೇಳಿದಳು. “ಕನಸಿನ್ಯಾಗೂ ಬ್ರೇಕ್ ಒತ್ತತೀನಿ. ಐತವಾರಕ್ಕೊಮ್ಮೆ ಆದ್ರೂ ನನ್ನ ಕಾಲ್ಲೆ, ನನ್ನ ಮನಸಿಗೆ ಬಂದಂಗ ಓಡಿಸ್ಬೇಕು. ಇಂಥಾ ಗಾಡಿ ಆಸೆ ಭಾಳ ದಿನದ್ದು.”

“ಮೊದಲ ನನ್ನ ತವರಿಗೆ ಕರಕೊಂಡ ಹೋಗ್ತಾಳಂತ,” ಎಂದು ಪಾರವ್ವ ಹೇಳಿದಳು. “ಬಸ್ಸಿನ್ಯಾಗ ಕುಂತು ನಡಾ ಹೋಗೇತ್ರಿ ನಂದು.”

ತವರು ಎಲ್ಲಿ ಎಂದು ಗದಿಗೆಪ್ಪ ಕೇಳಲಿಲ್ಲ. ಅವನಿಗೆ ಬೇರೆ ಅವಸರವಿತ್ತು. ಗೋಡೆಯ ಪಂಚಾಂಗದ ಕಡೆ ನೋಡಿ, ಹಣೆ ಬಡಿದುಕೊಂಡವನಂತೆ ಮಾಡಿ, ಪಾರವ್ವನ ಕಡೆಗೇ ತಿರುಗಿದ.

“ಅಯ್ಯ ಅಮ್ಮಾರ, ಈಗ ರಾಹುಕಾಲ ನಡದೈತ್ರಿ! ಹೊಸಾ ಗಾಡಿ ಮುಟ್ಟೂದು ಇಂಥಾ ಹೊತ್ತಿನ್ಯಾಗ ಬ್ಯಾಡ್ರಿ. ಅಲ್ಲೆ ಮೂಲ್ಯಾಗ ಖಾನಾವಳಿ ಐತಿ. ನಾಷ್ಟಾ ಮಾಡ್ಕೊಂಡ ಬರ್ರಿ, ಮುಗದಿರತೈತಿ.”

ವೈಜಯಂತಿ ಬೇಡವೆಂದಳು. ಪಾರವ್ವ ಕೇಳಬೇಕಲ್ಲ! “ಹೌದವಾ, ಅಂವ ಖರೇ ಹೇಳಾಕತ್ತಾನ,” ಎಂದು ಮಗಳ ತೋಳು ಹಿಡಿದು ಎಳೆದುಕೊಂಡು ಹೋದಳು. ಅವರು ಮೂಲೆ ತಿರುಗಿದ್ದೇ ತಡ, ಗದಿಗೆಪ್ಪ ಓಡಿಬಂದು ಕೀಲಿ ತಿರುಗಿಸಿದ. ನಾನು ನಡುಗಿದೆ, ಟಕಟಕ ಎಂದೆ, ಕೂಗಬೇಕಾದಷ್ಟೂ ಕೂಗಿದೆ. ಕೇಳಬೇಕಾದವಳು ಖಾನಾವಳಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಳು. ಅವಳು ಬರುವ ಹೊತ್ತಿಗೆ ನನ್ನ ಮೈ ಬಿಸಿಯೇರಿ, ಸದ್ದು ಅಡಗಿ, ನಾನು ಒಳ್ಳೆಯ ಹುಡುಗನಂತೆ ನಿಂತಿದ್ದೆ.

ವೈಜಯಂತಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ತಕ್ಷಣ ತೆಗೆದಳು. “ಬಿಸಿ ಐತಲ್ರೀ!”

“ಬಿಸಲಿಗೆ ನಿಂತಿತ್ತಲ್ರೀ ಅಕ್ಕಾರ.”

ಶೆಡ್ಡಿನ ನೆರಳಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಅವಳು ಒಮ್ಮೆ ಮೇಲೆ ತಗಡಿನ ಕಡೆ ನೋಡಿದಳು. ನನ್ನ ಸುತ್ತ ಮೆಲ್ಲಗೆ ನಡೆದಳು. ಬಾಗಿಲುಗಳ ನಡುವಿನ ಸಂದುಗಳಲ್ಲಿ ಬೆರಳು ಆಡಿಸಿದಳು. ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ನನ್ನ ಮೈಯ ಹೊಳಪನ್ನು ಓರೆಯಾಗಿ ನೋಡಿದಳು. ಹಾಗೆ ಯಾರೂ ನನ್ನನ್ನು ನೋಡಿರಲಿಲ್ಲ. ಎಡಮುಂಭಾಗಕ್ಕೆ ಬಂದಾಗ ಅವಳ ಅಂಗೈ ನಿಂತಿತು. ಅಲ್ಲೇ, ಇನ್ನು ಒಂದು ಗೇಣು ಕೆಳಗೆ, ಅಲ್ಲೇ! ನನ್ನ ಪ್ರಾಣವೆಲ್ಲ ಆ ಅಂಗೈ ಕೆಳಗೆ ಬಂದು ನಿಂತಿತ್ತು.

“ಅಕ್ಕಾರ, ಚಾ ಆರತೈತ್ರಿ,” ಎಂದು ಗದಿಗೆಪ್ಪ ಲೋಟ ಹಿಡಿದು ನಡುವೆ ಬಂದ. “ಅಮ್ಮಾರ, ನೀವು ಒಳಗ ಕೂಡ್ರಿ ಬರ್ರಿ. ಸೀಟ್ ನೋಡ್ರಿ, ಹತ್ತಿ ಗಾದಿ ಇದ್ದಂಗೈತಿ. ಒಂದ್ ರೌಂಡ್ ಹೋಗಿ ಬರೂಣು.”

ವೈಜಯಂತಿ ಸ್ಟೇರಿಂಗ್ ಹಿಡಿದಳು. ಪಾರವ್ವ ಪಕ್ಕದಲ್ಲಿ, ಗದಿಗೆಪ್ಪ ಹಿಂದೆ. ಕಿಟಕಿಗಳೆಲ್ಲ ಇಳಿದಿದ್ದವು. ಬ್ಲೋವರ್ ಬಿಟ್ಟರೆ ಹಳೆಯ ಘಾಟು ಏಳುತ್ತದೆಂದು ಗದಿಗೆಪ್ಪನಿಗೆ ಅನುಮಾನವಿತ್ತು. ಅದಕ್ಕೇ ಹೊರಗಿನ ಗಾಳಿಯೇ ಆರೋಗ್ಯಕ್ಕೆ ಒಳ್ಳೆಯದು ಎಂದು ಹೇಳಿಕೊಂಡು ಬರುತ್ತಿದ್ದ.

ಬೈಪಾಸಿಗೆ ಬಂದ ಮೇಲೆ ಅವಳು ಪೆಡಲ್ ಒತ್ತಿದಳು. ಆ ಪಾದದಲ್ಲಿ ಎಂಥ ನಯ! ಎಷ್ಟು ಕೇಳಬೇಕೋ ಅಷ್ಟೇ ಕೇಳುವ ಪಾದ. ನಾನು ನನ್ನ ಭಯ ಮರೆತು ಒಮ್ಮೆ ಎದೆ ಬಿಚ್ಚಿ ಓಡಿದೆ. ಅವಳು ಗಟ್ಟಿಯಾಗಿ ನಕ್ಕಳು. ಪಾರವ್ವ “ಸಾವಕಾಶ ವೈಜೂ” ಎಂದಳು. ಅವಳ ದನಿಯಲ್ಲೂ ಖುಷಿಯೇ ಇತ್ತು. ಆಮೇಲೆ ನನಗೆ ಬುದ್ಧಿ ಬಂದು ಎಡಕ್ಕೆ ಎಳೆದೆ. ವೈಜಯಂತಿಯ ಮುಖ ಬಿಗಿಯಿತು. ಅವಳು ಸ್ಟೇರಿಂಗಿನಿಂದ ಎರಡೂ ಕೈ ತೆಗೆದಳು.

ಹುಟ್ಟಿದ ದಿನ ಆ ಮನುಷ್ಯ ಮಾಡಿದ್ದೂ ಇದನ್ನೇ. ಅಂದು ನೂಲಿನಂತೆ ಹೋಗಿದ್ದ ನಾನು ಇಂದು ಕುಡಿದವನಂತೆ ರಸ್ತೆಯ ಅಂಚಿಗೆ ಸರಿದೆ. ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ಇದಕ್ಕಿಂತ ಬಿಡಿಸಿ ನಾನು ಹೇಗೆ ಹೇಳಲಿ?

“ಎಡಕ್ಕ ಎಳೀತೈತಲ್ರೀ ಇದು?”

“ರಸ್ತೇನ ಆ ಕಡೆ ಇಳಿಜಾರೈತ್ರಿ ಅಕ್ಕಾರ. ಇಲ್ಲಂದ್ರ ಭಾಳ ದಿನ ನಿಂತಿತ್ತು, ಟೈರ್ ಹವಾ ಹೆಚ್ಚು ಕಡಿಮಿ ಆಗಿರಬೇಕು. ಅಲೈನ್‌ಮೆಂಟ್ ನಾನ ಮಾಡಿಸಿ ಕೊಡ್ತೀನಿ, ನಮ್ಮವ್ವನ ಆಣಿ.”

ನಾನು ಅವಳ ಮುಖವನ್ನು ಒಳಗಿನ ಕನ್ನಡಿಯಲ್ಲಿ ನೋಡುತ್ತಿದ್ದೆ. ಅನುಮಾನ ಬಂದಿತ್ತು. ಆದರೆ ನಕ್ಕ ನಗು ಇನ್ನೂ ತುಟಿಯ ಮೇಲೇ ಇತ್ತು. ಆಸೆಗೆ ಕಣ್ಣಿಲ್ಲ ಎನ್ನುತ್ತಾರೆ. ಕಣ್ಣು ಇರುತ್ತದೆ, ಅದು ತನಗೆ ಬೇಕಾದ ಕಡೆಗೆ ಮಾತ್ರ ನೋಡುತ್ತದೆ. ಶೆಡ್ಡಿಗೆ ಹಿಂತಿರುಗುವಾಗ ಅವಳು ತಾಯಿಗೆ ಮೆಲ್ಲಗೆ ಹೇಳಿದಳು. “ಬರೋ ಐತವಾರ ಬ್ಯಾಡಗಿಗೆ ಹೋಗಿಬಿಡೂಣೇನವಾ?”

ಬ್ಯಾಡಗಿ! ಆ ಹೆದ್ದಾರಿ, ಆ ಹಳ್ಳ, ಆ ತಿರುವು. ಅಲ್ಲಿಗೆ ಬರುವ ಹೊತ್ತಿಗೆ ಇವಳು ಪೆಡಲ್ ಒತ್ತಿರುತ್ತಾಳೆ, ಪಕ್ಕದಲ್ಲಿ ತಾಯಿ ಕೂತಿರುತ್ತಾಳೆ. ದೇವರೇ, ಇವರನ್ನು ಬಿಟ್ಟುಬಿಡು ಎಂದು ಬೇಡಿಕೊಂಡೆ. ಕಾರಿಗೂ ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ನಮಗೇ ಪೂಜೆ ಮಾಡುತ್ತಾರೆ, ನಾವು ಯಾರಿಗೆ ಕೈ ಮುಗಿಯಬೇಕು?

ಶೆಡ್ಡಿನಲ್ಲಿ ನಿಂತ ಮೇಲೆ ಗದಿಗೆಪ್ಪ ಇಳಿದು ಕಿಟಕಿಯ ಹತ್ತಿರ ಬಂದ. ವೈಜಯಂತಿ ಇಳಿಯದೆ, ಸೀಟಿನಲ್ಲಿ ಕೂತೇ ಮುಂಗಡದ ಲಕೋಟೆಯನ್ನು ಚೀಲದಿಂದ ತೆಗೆದಳು. ಎಂಜಿನ್ನು ಇನ್ನೂ ಓಡುತ್ತಿತ್ತು. “ಸೆಕಿ ಆಗಾಕತ್ತೈತವಾ” ಎಂದು ಪಾರವ್ವ ಸೆರಗಿನಿಂದ ಗಾಳಿ ಹಾಕಿಕೊಂಡಳು. ವೈಜಯಂತಿ ಒಂದು ಕೈಯಿಂದ ಬ್ಲೋವರಿನ ಗುಂಡಿಯನ್ನು ಸ್ವಲ್ಪ ತಿರುಗಿಸಿ, ಇನ್ನೊಂದು ಕೈಯಿಂದ ಲಕೋಟೆಯನ್ನು ಕಿಟಕಿಯಾಚೆ ಚಾಚಿದಳು. ಗದಿಗೆಪ್ಪನ ಬೆರಳು ಅದಕ್ಕೆ ತಾಗಿತ್ತು.

ಆಕ್ಷೀ!

ವೈಜಯಂತಿ ಸೀನಿದಳು. ಒಂದೇ ಒಂದು ಸಲ.

ಪಾರವ್ವ ಮಗಳ ಕೈ ಹಿಡಿದು ಹಿಂದಕ್ಕೆ ಎಳೆದಳು. “ತಡೀ ವೈಜೂ! ಒಂಟಿ ಸೀನು.”

ನಮ್ಮ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಸೀನು ಬಂದರೆ ಶುಭ. ಹೊರಡುವಾಗ, ಕೊಡುವಾಗ, ತರುವಾಗ ಒಂದೇ ಬಂದರೆ ಹಿಡಿದ ಕೆಲಸ ಅಲ್ಲಿಗೇ ನಿಲ್ಲಬೇಕು.

“ಸೆಂಟಿನ ವಾಸನಿಗೆ ಬಂದಿದ್ದ್ರಿ ಅಮ್ಮಾರ, ಅದನ್ನೇನ್ ಹಚ್ಕೊಂಡ್ರಿ,” ಎಂದ ಗದಿಗೆಪ್ಪ.

“ಯಾವುದಕ್ಕರ ಬರಲಿ. ಒಂಟಿ ಸೀನಿಗೆ ರೊಕ್ಕ ಕೈ ಬಿಡಬಾರ್ದು. ಮುಂದಿನ ವಾರ ಬರ್ತೀವಿ.”

“ಈ ಕಾಲದಾಗ ಯಾರ್ರೀ ಇದನ್ನೆಲ್ಲಾ…”

“ಮುಂಜಾನೆ ರಾಹುಕಾಲ ಅಂದಾಂವ ನೀನ ಅಲ್ಲೇನಪಾ?”

ಗದಿಗೆಪ್ಪ ಒಡ್ಡಿದ ಬಲೆಗೆ ಅವನ ಕಾಲೇ ಸಿಕ್ಕಿಕೊಂಡಿತ್ತು. ಆದರೂ ವ್ಯಾಪಾರಿ, ಅಷ್ಟಕ್ಕೆ ಬಿಡುವವನಲ್ಲ. ಅವನ ಮುಖ ಥಟ್ಟನೆ ಅರಳಿತು.

“ಇನ್ನೊಂದ್ ಸೀನಿದ್ರ ಜೋಡಿ ಆತಲ್ರೀ! ಅಕ್ಕಾರ, ಇನ್ನೊಂದ ಒಂದು ಸೀನ್ರಿ. ತಡೀರಿ, ನಾ ಬರಸ್ತೀನಿ.”

ಹಾಗೆಂದವನೇ, ವ್ಯಾಪಾರದ ಅವಸರದಲ್ಲಿ ಘಾಟಿನ ಅನುಮಾನವನ್ನೂ ಮರೆತು, ಕಿಟಕಿಯೊಳಗೆ ತೋಳು ತೂರಿಸಿ ಬ್ಲೋವರನ್ನು ಕೊನೆಯ ತನಕ ತಿರುಗಿಸಿಬಿಟ್ಟ.

ಇಷ್ಟು ದಿನ ಯಾರೂ ನನಗೆ ಅಷ್ಟು ಉಸಿರು ಕೊಟ್ಟಿರಲಿಲ್ಲ. ಶೆಟ್ಟರ ಕಾಲದಿಂದ ಕೊಳವೆಯ ಮೂಲೆಮೂಲೆಗಳಲ್ಲಿ ಕೂತಿದ್ದುದನ್ನೆಲ್ಲ ನಾನು ಒಂದೇ ಸಲಕ್ಕೆ ಹೊರಗೆ ಊದಿದೆ. ಕೆಂಪು ಧೂಳು ಮಲ್ಲಿಗೆಯ ಡಬ್ಬಿಯನ್ನು ದಾಟಿಕೊಂಡು ಬಂತು. ವೈಜಯಂತಿ ಎರಡು ಸೀನಿದಳು, ಮೂರು ಸೀನಿದಳು, ಆಮೇಲೆ ಎಣಿಸುವಂತಿರಲಿಲ್ಲ. ಕಿಟಕಿಯಲ್ಲಿ ತಲೆ ತೂರಿಸಿದ್ದ ಗದಿಗೆಪ್ಪ ಸೀನುವ ರಭಸಕ್ಕೆ ತಲೆಯನ್ನು ಬಾಗಿಲಿನ ಚೌಕಟ್ಟಿಗೆ ಬಡಿದುಕೊಂಡ. ಕಣ್ಣಲ್ಲಿ ಮೂಗಲ್ಲಿ ನೀರು.

ಪಾರವ್ವ ಮಾತ್ರ ಸೀನಲಿಲ್ಲ.

ಅವಳು ನೆಟ್ಟಗೆ ಕೂತು, ಗಾಳಿಯನ್ನು ಒಮ್ಮೆ ಉದ್ದಕ್ಕೆ ಎಳೆದುಕೊಂಡಳು. ಮುಖದ ಬಣ್ಣ ಬದಲಾಯಿತು.

“ಇದು ಬ್ಯಾಡಗಿ ಘಾಟು,” ಎಂದಳು. “ನನ್ನ ತವರಿನ ವಾಸನಿ ನನಗ ತಿಳೀದಿಲ್ಲೇನು? ಬೆಳಗಾವಿ ಡಾಕ್ಟರ್ ಬಾಯಿ ಗಾಡ್ಯಾಗ ಮೆಣಸಿನಕಾಯಿ ಯಾಕ ಬಂತಪಾ?”

ಗದಿಗೆಪ್ಪ ಮೂಗು ಒರೆಸಿಕೊಳ್ಳುವುದರಲ್ಲೇ ಇದ್ದ. ಪಾರವ್ವ ಬಾಗಿಲು ತೆಗೆದು ಇಳಿದು, ಎರಡು ಹೆಜ್ಜೆ ಹಿಂದೆ ನಿಂತು, ನನ್ನನ್ನು ಮೊದಲ ಸಲವೆಂಬಂತೆ ಪೂರ್ತಿ ನೋಡಿದಳು.

“ವೈಜೂ, ಶೆಟ್ಟರ ಗಾಡಿ ಇದು. ಚನ್ನಬಸಪ್ಪ ಶೆಟ್ಟರದು. ನಮ್ಮೂರಾಗ ಇಂಥಾ ಕೆಂಪ ಗಾಡಿ ಇನ್ನೊಂದಿಲ್ಲ. ಆ ಹುಡುಗ ಪ್ರಸನ್ನ ಹಳ್ಳದ ಗ್ವಾಡಿಗೆ ಹೊಡದು ಕಾಲ ಮುರಕೊಂಡ್ನಲ್ಲ, ಅದ. ನಿಮ್ಮ ಮಾವ ಹೇಳಿದ್ದ. ಗುಜರಿಗೆ ಹಾಕಿದ್ರು ಅಂತಿದ್ದ.”

ವೈಜಯಂತಿ ಎಂಜಿನ್ ಆರಿಸಿದಳು. ಕಣ್ಣೀರು ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, ಆ ಎಣ್ಣೆ ಕಲೆಯ ನೆಲದ ಮೇಲೆ ಅಂಗಾತ ಮಲಗಿ ನನ್ನ ಕೆಳಗೆ ತೂರಿಕೊಂಡಳು. ಮೊಬೈಲಿನ ಬೆಳಕು ನನ್ನ ಎಡಮುಂಭಾಗದ ಒಳಮೈ ಮೇಲೆ ಬಿತ್ತು. ಮೇಲಿನ ಬಣ್ಣ ಅಲ್ಲಿಗೆ ತಲುಪಿರಲಿಲ್ಲ. ಒಂದರ ಮೇಲೊಂದು ಗಂಟುಗಂಟಾಗಿ ಕೂತ ಬೆಸುಗೆ, ನಡುವೆ ಕೂದಲೆಳೆಯಂಥ ಬಿರುಕು. ಅವಳು ಅದನ್ನು ಬೆರಳಿನಿಂದ ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ನನಗೆ ಅಳು ಬರುವುದಿದ್ದರೆ ಆಗ ಬರುತ್ತಿತ್ತು. ಅಷ್ಟು ದಿನದಿಂದ ಒಬ್ಬನೇ ಹೊತ್ತ ನೋವನ್ನು ಇನ್ನೊಬ್ಬರು ಮುಟ್ಟಿದರು.

ಅವಳು ಹೊರಗೆ ಬಂದಾಗ ಬೆನ್ನೆಲ್ಲ ಕಪ್ಪಾಗಿತ್ತು. ಅವಳಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ದುಃಖವಾಗಿತ್ತು. “ನಮ್ಮವ್ವ ಪಕ್ಕದಾಗ ಕೂಡ್ತಿದ್ಲು,” ಎಂದಳು. “ಇದನ್ನ ನೀವು ಯಾರಿಗೂ ಮಾರಬಾರ್ದು.”

ಗದಿಗೆಪ್ಪ ಮತ್ತೆ ಹಲ್ಲು ತೋರಿಸಿದ. “ನಿಮಗ ಬ್ಯಾಡಾದ್ರ ಬಿಡ್ರಿ ಅಕ್ಕಾರ. ಸೋಮವಾರ ಬ್ಯಾರೇದವ್ರು ಬರಾಕತ್ತಾರ.”

ಕೇಳಿ ನನ್ನ ಜೀವ ಮತ್ತೆ ಕುಸಿಯಿತು. ಇವಳು ಉಳಿದಳು, ಸರಿ. ಸೋಮವಾರ ಬರುವವರ ಗತಿ? ವೈಜಯಂತಿಯೂ ಅದನ್ನೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ. ಅವಳು ಬಗ್ಗಿ, ನನ್ನ ಗಾಳಿಕಿಂಡಿಗೆ ಸಿಕ್ಕಿಸಿದ್ದ ಸೆಂಟಿನ ಡಬ್ಬಿಯನ್ನು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು. ನನ್ನ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಂತಾಯಿತು.

“ಮಂದಿಗೆ ಬೆಸುಗಿ ಬಿಟ್ಟೈತಿ ಅಂತ ಹೇಳೂಣು,” ಎಂದಳು ಪಾರವ್ವ.

“ಬೆಸುಗಿ ಅಂದ್ರ ರೇಟ್ ಇಳಿಸಿ ತಗೊಂಡ ಹೋಗ್ತಾರವಾ,” ಎಂದಳು ಮಗಳು. “ಒಂಟಿ ಸೀನಿನ ಗಾಡಿ ಅಂತ ಹೇಳ್ತೀನಿ. ಅಂದ್ರ ಹೊಸ್ತಿಲಾ ತುಳಿಯಂಗಿಲ್ಲ.”

ಹೋಗುವ ಮುನ್ನ ಅವಳು ನನ್ನ ಸ್ಟೇರಿಂಗಿನ ಮೇಲೆ ಒಮ್ಮೆ ಕೈ ಇಟ್ಟಳು. ಇಷ್ಟಪಟ್ಟಿದ್ದಳು ನನ್ನನ್ನು. ಅದು ಸುಳ್ಳಲ್ಲ.

ಅವಳ ಶಾಲೆಗೆ ಎಷ್ಟು ಜನ ಕಲಿಯಲು ಬರುತ್ತಾರೋ, ಅವರಿಗೆಲ್ಲ ಎಷ್ಟು ಬಂಧುಬಳಗವೋ! ಮಾತು ನನಗಿಂತ ಜೋರಾಗಿ ಓಡಿತು. ಸೋಮವಾರದವರು ಬರಲೇ ಇಲ್ಲ. ಆಮೇಲೆ ಬಂದವರು ಶೆಡ್ಡಿನ ಬಾಗಿಲಲ್ಲೇ ನಿಂತು “ಇದ ಏನ್ರಿ ಆ ಒಂಟಿ ಸೀನಿನ ಗಾಡಿ?” ಎಂದು ಕೇಳಿ ಕಾಲಿಗೆ ಬುದ್ಧಿ ಹೇಳಿದರು. ಗದಿಗೆಪ್ಪ ಹೊಸ ಡಬ್ಬಿ ತಂದ. ಸಂಪಿಗೆ ಹಾಕಿದ, ಗುಲಾಬಿ ಹಾಕಿದ, ಕರ್ಪೂರವನ್ನೂ ಇಟ್ಟ. ಬೆಲೆ ಇಳಿಸಿದ. ಜನ ಮುರಿದ ಎಲುಬನ್ನು ಚೌಕಾಸಿ ಮಾಡಿ ಕೊಳ್ಳುತ್ತಾರೆ, ಅಪಶಕುನವನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಅನ್ನುತ್ತಾರೆ. ಕೊನೆಗೆ ಅವನು ಬೈದುಕೊಂಡು, ಶೆಟ್ಟರು ಮೊದಲೇ ಹೇಳಿದ್ದ ಕಡೆಗೆ ನನ್ನನ್ನು ಕಳಿಸಿದ.

ಈಗ ನಾನು ಗುಜರಿಯಲ್ಲಿದ್ದೇನೆ. ಇದು ಹಾವೇರಿ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದ ಬಯಲು, ಆ ಹಳ್ಳದ ಸೇತುವೆಗೆ ಹತ್ತಿರ. ಎಂಜಿನ್ನು ಬಿಚ್ಚಿ ಒಯ್ದಾಗಿದೆ, ಎಲ್ಲಿ ಮಿಡಿಯುತ್ತಿದೆಯೋ ಗೊತ್ತಿಲ್ಲ. ಕಣ್ಣುದೀಪಗಳೂ ಹೋದವು. ಕಿವಿ ಮಾತ್ರ ಇದ್ದಂತಿದೆ. ಒಂದು ಐತವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಒಂದು ಕಾರು ಹೋಯಿತು. ನನ್ನ ಜಾತಿಯದಲ್ಲ, ಬಡಪಾಯಿ ಸಣ್ಣ ಕಾರು, ಆದರೆ ಪೆಡಲ್ ಒತ್ತಿದ ಪಾದದಲ್ಲಿ ಎಂಥ ನಯ! ಎಷ್ಟು ಕೇಳಬೇಕೋ ಅಷ್ಟೇ ಕೇಳುವ ಪಾದ. ಸದ್ದು ಹಳ್ಳದ ತಿರುವಿನ ಕಡೆಗೆ ಹೋಯಿತು, ತಿರುವು ದಾಟಿತು, ನೇರವಾಗಿ ದೂರವಾಯಿತು. ಅವಳೇ ಇರಬಹುದು, ಅಲ್ಲದೆಯೂ ಇರಬಹುದು. ನಾನು ಅವಳೇ ಎಂದುಕೊಂಡಿದ್ದೇನೆ.

ಓಡುವುದಕ್ಕೆಂದು ಹುಟ್ಟಿದೆ. ಓಡಿ ಒಬ್ಬನ ಕಾಲು ಹೋಯಿತು, ನಿಂತು ಇಬ್ಬರ ಜೀವ ಉಳಿಯಿತು. ನನ್ನನ್ನು ಮಾಡಿದವರಿಗೆ ಈ ಲೆಕ್ಕ ಹೇಳಿದರೆ ನಗುತ್ತಾರೇನೋ. ಅದರಲ್ಲೂ ಕೊನೆಗೆ ಕೈ ಹಿಡಿದದ್ದು ನನ್ನ ಆ ದೊಡ್ಡ ಎಂಜಿನ್ನಲ್ಲ, ನಾನು ಬೈದುಕೊಳ್ಳುತ್ತಿದ್ದ ಶೆಟ್ಟರ ಮೆಣಸಿನ ಧೂಳು.

ಇಂದು ಬೆಳಿಗ್ಗೆ ಕತ್ತರಿಸುವ ದಾವಲಸಾಬ ಗ್ಯಾಸಿನ ಪೈಪು ಎಳೆದುಕೊಂಡು ನನ್ನ ಹತ್ತಿರ ಬಂದ. ಡ್ಯಾಶ್‌ಬೋರ್ಡು ಕಿತ್ತ, ಒಳಗಿನ ಕೊಳವೆಯನ್ನು ಅಲ್ಲಾಡಿಸಿದ, ಜೋರಾಗಿ ಒಂದು ಸೀನಿದ.

“ಹತ್ತೇರಿ, ಒಂಟಿ ಸೀನು!” ಎಂದು ಗೊಣಗಿ, ಬೆಂಕಿ ಆರಿಸಿ, ಬೇವಿನ ಮರದ ಕೆಳಗೆ ಹೋಗಿ ಕೂತ.

ಅವನು ಅಲ್ಲಿ ಕೂತಿರುವ ಈ ಹೊತ್ತಿನಲ್ಲಿಯೇ ನಾನು ನಿಮಗೆ ಇಷ್ಟೆಲ್ಲ ಹೇಳಿದ್ದು. ನೀರು ಕುಡಿದಾಯಿತು. ಈಗ ಎದ್ದು ಬರುತ್ತಿದ್ದಾನೆ. ಮನಸ್ಸಿನಲ್ಲಿ ಇನ್ನೂ ಅಳುಕಿದೆ, ಹೆಜ್ಜೆಯಲ್ಲೇ ಗೊತ್ತಾಗುತ್ತದೆ. ಪಾಪ, ಕೆಲಸ ಮಾಡಿ ಉಣ್ಣುವವನು, ಬೆಂಕಿ ಹಿಡಿಯುವ ಕೈ ಅಳುಕಬಾರದು. ಕೊಳವೆಯ ಕೊನೆಯ ಮೂಲೆಯಲ್ಲಿ ಒಂದು ಚಿಟಿಕೆ ಕೆಂಪು ಧೂಳು ಇನ್ನೂ ಉಳಿದಿದೆ. ಅವನು ಸ್ವಲ್ಪ ಬಗ್ಗಿದರೆ ಸಾಕು, ಜೋಡಿ ಆಗುತ್ತದೆ.